ಎಲ್ಲರ ವೈಫೈಗೂ ಒಂದೇ ಹೆಸರು

ಸಂಚಾರಿ ಗ್ರಂಥಾಲಯದ ಆ ಹಳದಿ ವ್ಯಾನಿಗೆ ಕಚೇರಿಯವರು ಇಟ್ಟ ಹೆಸರು ಏನೋ ಇತ್ತು, ಅದು ಯಾರಿಗೂ ನೆನಪಿರಲಿಲ್ಲ. ಎರಡೂ ಪಕ್ಕೆ ಉಬ್ಬಿಸಿಕೊಂಡು, ತಿರುವು ಬಂದಲ್ಲೆಲ್ಲ ಏದುಸಿರು ಬಿಡುತ್ತ ಬರುವ ಗಾಡಿಯನ್ನು ಮಕ್ಕಳು ಡುಮ್ಮಿ ಎಂದು ಕರೆದರು, ದೊಡ್ಡವರೂ ಅದನ್ನೇ ಹಿಡಿದುಕೊಂಡರು. ಡುಮ್ಮಿಯನ್ನು ಓಡಿಸುವವನು ಮಾವ, ಒಳಗೆ ಕೂತು ಪುಸ್ತಕ ಕೊಡುವವಳು ಸೊಸೆ. ಮಾವ ಸೊಸೆ ಒಂದೇ ಗಾಡಿಯಲ್ಲಿ ದಿನವಿಡೀ ಇದ್ದೂ ಜಗಳವಾಡುವುದಿಲ್ಲವೇ ಎಂದು ಜನ ಕೇಳುತ್ತಿದ್ದರು. ಯಾಕಿಲ್ಲ, ಆಡುತ್ತಿದ್ದರು. ಕಿಟಕಿ ತೆಗೆಯಬೇಕೋ ಮುಚ್ಚಬೇಕೋ ಎಂಬುದು ದಿನಾ ಬೆಳಗ್ಗೆ ಶುರುವಾಗಿ, ಎರಡನೆಯ ನಿಲ್ದಾಣ ಬರುವಷ್ಟರಲ್ಲಿ ಅರ್ಧ ಕಿಟಕಿಗೆ ಬಂದು ನಿಲ್ಲುತ್ತಿತ್ತು.

ಈ ಸುಖಕ್ಕೆ ಕಲ್ಲು ಹಾಕಿದ್ದು ಮುಖ್ಯ ಗ್ರಂಥಾಲಯದ ಹೊಸ ನಿಯಮ. ಅಲ್ಲಿಯವರೆಗೆ ಸೊಸೆ ದಿನದ ವ್ಯವಹಾರವನ್ನೆಲ್ಲ ಕಂಪ್ಯೂಟರಿನಲ್ಲಿ ತುಂಬಿಕೊಂಡು ಸಂಜೆ ಕಚೇರಿಗೆ ಒಪ್ಪಿಸುತ್ತಿದ್ದಳು. ಇನ್ನು ಮುಂದೆ ಹಾಗಲ್ಲವಂತೆ. ಪುಸ್ತಕ ಓದುಗರ ಕೈಸೇರಿದ ಕ್ಷಣವೇ ಅದು ಕಚೇರಿಯ ಪರದೆಯ ಮೇಲೆ ಕಾಣಬೇಕಂತೆ. ಅದಕ್ಕೆ ಇಂಟರ್‌ನೆಟ್ ಬೇಕಲ್ಲ? ನಿಲ್ಲಿಸಿದ ಕಡೆಯವರ ವೈಫೈ ಕೇಳಿ ಪಡೆಯಿರಿ ಎಂದರು. ಸೊಸೆ ತನ್ನ ಫೋನಿನಿಂದಲೇ ಕೊಡುತ್ತೇನೆ ಎಂದಳು. ಸಿಬ್ಬಂದಿಯ ಸ್ವಂತ ಫೋನು ಕೂಡದು ಎಂದರು. ಊರವರದೆಲ್ಲ ಆಗುತ್ತದೆ, ಅವಳದು ಮಾತ್ರ ಆಗುವುದಿಲ್ಲ! ಕಚೇರಿಯ ಬುದ್ಧಿಗೆ ಏನೆನ್ನಬೇಕೋ ತಿಳಿಯದು.

ಬೇರೆ ಎರಡು ವ್ಯಾನುಗಳು ಈ ನಿಯಮಕ್ಕೆ ಸಿಕ್ಕಿ ಆಗಲೇ ಷೆಡ್ಡು ಸೇರಿದ್ದವು. ಗುರುವಾರ ಕಚೇರಿಯ ದೊಡ್ಡ ಮೇಡಂ ಖುದ್ದಾಗಿ ಡುಮ್ಮಿಯಲ್ಲಿ ಕೂತು ಬರುವವರಿದ್ದರು. ನಿಲ್ದಾಣಗಳಲ್ಲಿ ಕೆಲಸ ಸರಿಯಾಗಿ ನಡೆಯದಿದ್ದರೆ ಡುಮ್ಮಿಗೂ ಷೆಡ್ಡೇ ಗತಿ. ಸೊಸೆಗೆ ನೆಲಮಾಳಿಗೆಯ ಉಗ್ರಾಣದಲ್ಲಿ ಕೆಲಸ, ಮಾವನಿಗೆ ಗೇಟು ಕಾಯುವ ಕೆಲಸ. ಅವಳದ್ದು ಹೇಗೋ ನಡೆಯುತ್ತಿತ್ತು. ಆದರೆ ಅತ್ತೆ ತೀರಿಕೊಂಡ ಮೇಲೆ ಮಾವ ಮತ್ತೆ ಅನ್ನ ಉಂಡದ್ದು, ಮತ್ತೆ ನಕ್ಕದ್ದು ಈ ಗಾಡಿಯ ದೆಸೆಯಿಂದ. ಅದನ್ನು ಕಣ್ಣಾರೆ ಕಂಡವಳು ಅವಳು. ಮಾವನನ್ನು ಗೇಟಿನ ಬಳಿ ಕೂರಿಸಲು ಬಿಡಬಾರದೆಂದು ಅವಳು ಹಟ ತೊಟ್ಟಳು. ಮಾವ ಮಾತ್ರ ಏನೂ ಆಗಿಲ್ಲವೆಂಬಂತೆ ಗಾಡಿಯ ಗಾಜು ಒರೆಸುತ್ತ ಸಿಳ್ಳೆ ಹಾಕುತ್ತಿದ್ದ.

ಕೆಲಸವೇನೋ ಕಷ್ಟದ್ದಲ್ಲ. ಪ್ರತಿ ನಿಲ್ದಾಣದ ವೈಫೈ ಹೆಸರನ್ನೂ ಪಾಸ್‌ವರ್ಡನ್ನೂ ಕಂಪ್ಯೂಟರಿಗೆ ಒಮ್ಮೆ ಹೇಳಿಕೊಟ್ಟು ಸೇವ್ ಮಾಡಿದರೆ, ಆಮೇಲೆ ಅಲ್ಲಿಗೆ ಹೋದಾಗಲೆಲ್ಲ ಅದು ತಾನಾಗಿ ಸೇರಿಕೊಳ್ಳುತ್ತದೆ. ಶಾಲೆಯದು ಸಲೀಸಾಗಿ ಆಯಿತು. ಪೇಚಾಟವೆಲ್ಲ ಪೇಟೆ ಬೀದಿಯದು. ಅಲ್ಲಿ ಗಾಡಿ ನಿಲ್ಲುವುದು ಒಂದಕ್ಕೊಂದು ಅಂಟಿಕೊಂಡ ಮೂರು ಅಂಗಡಿಗಳ ಮುಂದೆ: ಕ್ಷೌರದಂಗಡಿ, ಹಲ್ಲಿನ ಡಾಕ್ಟರ ಕ್ಲಿನಿಕ್ಕು, ಬೇಕರಿ. ಒಂದು ಕಾಫಿ ಹೇಳಿ ಮಧ್ಯಾಹ್ನದವರೆಗೂ ಫೋನು ನೋಡುತ್ತ ಕೂರುವ ಗಿರಾಕಿಗಳ ಕಾಟಕ್ಕೆ ಬೇಕರಿಯಮ್ಮ ವಾರವಾರ ಪಾಸ್‌ವರ್ಡ್ ಬದಲಿಸುತ್ತಿದ್ದಳು. ಡಾಕ್ಟರ ಪಾಸ್‌ವರ್ಡು ಡಾಕ್ಟರ ಕೈಬರಹದ ಹಾಗೆ, ಅವರಿಗೇ ಓದಲು ಬರುತ್ತಿರಲಿಲ್ಲ. ಕ್ಷೌರದವನ ವೈಫೈ ಆತನಿಗೆ ಮನಸ್ಸು ಬಂದಾಗ ಮಾತ್ರ ಉರಿಯುತ್ತಿತ್ತು. ಸೊಸೆ ಒಂದು ಸೇವ್ ಮಾಡುವಷ್ಟರಲ್ಲಿ ಇನ್ನೊಂದು ಕೈಕೊಡುತ್ತಿತ್ತು.

"ಒಬ್ಬೊಬ್ಬರದು ಒಂದೊಂದು ಹೆಸರು ಇರೋದಕ್ಕೇ ಅಲ್ವೇನಮ್ಮ ಈ ಗೋಳು?" ಎಂದು ಮಾವ ಕೇಳಿದ.

"ಹೌದು ಮಾವ. ಎಲ್ಲರದೂ ಒಂದೇ ಆಗಿದ್ರೆ ನಾನ್ಯಾಕೆ ಹೀಗೆ ತಲೆ ಕೆಡಿಸ್ಕೊತಿದ್ದೆ," ಎಂದು ಅವಳು ಬೇಸರದಲ್ಲಿ ಹೇಳಿದಳು. ಹೇಳಿ ಮರೆತಳು.

ಮಾವ ಮರೆಯಲಿಲ್ಲ. ರಜೆಯ ದಿನ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು, ಊರಿಗೆಲ್ಲ ಇಂಟರ್‌ನೆಟ್ ಹಾಕಿಕೊಟ್ಟ ಕೇಬಲ್‌ನವನನ್ನು ಜೊತೆಗೆ ಕರೆದುಕೊಂಡು ಹೊರಟ. ಮಾವ ಮಾತಿಗೆ ಕೂತನೆಂದರೆ ಕಲ್ಲೂ ಕರಗಬೇಕು. ಕ್ಷೌರದವನ ಹತ್ತಿರ ಅವನ ಮಗಳು ಓದುವ ಪುಸ್ತಕಗಳ ಸುದ್ದಿ ತೆಗೆದ. ಡಾಕ್ಟರ ಹತ್ತಿರ ತನ್ನ ದವಡೆಹಲ್ಲಿನ ಕಥೆ ಹೇಳಿದ. ಬೇಕರಿಯಮ್ಮನ ಹತ್ತಿರ ಏನೂ ಹೇಳದೆ ಎರಡು ಬನ್ನು ತಿಂದು, ಇಂಥ ಬನ್ನು ತಿಂದೇ ಇಲ್ಲ ಎಂಬ ಮುಖ ಮಾಡಿದ. ಸಂಜೆಯ ಹೊತ್ತಿಗೆ ಶಾಲೆಯಿಂದ ಬೇಕರಿಯವರೆಗೆ ಎಲ್ಲರ ವೈಫೈಯ ಹೆಸರೂ ಡುಮ್ಮಿ, ಎಲ್ಲರ ಪಾಸ್‌ವರ್ಡೂ ಒಂದೇ.

ಸುದ್ದಿ ಕೇಳಿ ಸೊಸೆ ಬೆರಗಾದಳು. ಮಾವನ ತಲೆಯೇ ತಲೆ ಎಂದಳು. ಪುಣ್ಯಾತ್ಗಿತ್ತಿ ಒಂದು ಗಳಿಗೆ ಯೋಚಿಸಬಾರದಿತ್ತೇ? ಹಿಗ್ಗಿನಲ್ಲಿ ಹಿಂದೆ ಸೇವ್ ಮಾಡಿದ್ದ ವೈಫೈ ಹೆಸರುಗಳನ್ನೆಲ್ಲ ಅಳಿಸಿಹಾಕಿ, ಡುಮ್ಮಿ ಎಂಬ ಒಂದೇ ಒಂದನ್ನು ಇಟ್ಟುಕೊಂಡಳು.

ಗುರುವಾರ ದೊಡ್ಡ ಮೇಡಂ ಬಂದರು. ಬಿಗಿದ ತುಟಿ, ಬಿಗಿದ ಜಡೆ, ಹೆಚ್ಚು ಮಾತಿಲ್ಲದ ಹೆಂಗಸು. ಶಾಲೆಯ ಅಂಗಳದಲ್ಲಿ ಡುಮ್ಮಿ ನಿಂತಿತು, ಕಂಪ್ಯೂಟರು ಯಾರೂ ಮುಟ್ಟದೆ ತಾನಾಗಿ ಸೇರಿಕೊಂಡಿತು. ಮಕ್ಕಳು ಮುತ್ತಿದರು, ಪುಸ್ತಕಗಳು ಪಟಪಟನೆ ಹೋದವು. ಮೇಡಂ ಫೋನಿನಲ್ಲಿ ಕಚೇರಿಯ ಪರದೆ ನೋಡಿ ತಲೆಯಾಡಿಸಿದರು. ಮಾವ ಹಿಗ್ಗಿ ಹೀರೇಕಾಯಿಯಾಗಿ, ಮೇಡಂಗೆ ಕಿಟಕಿ ಪೂರ್ತಿ ತೆಗೆದುಕೊಟ್ಟ.

ಪೇಟೆ ಬೀದಿಗೆ ತಿರುಗುತ್ತಲೇ ಗದ್ದಲ ಕೇಳಿಸಿತು.

ಕ್ಷೌರದವನು ದಿನಾ ಬೆಳಗ್ಗೆ ಅಂಗಡಿಯ ಟಿವಿಗೆ ಫೋನಿನಿಂದ ಕುಸ್ತಿ ಹಾಕಿ ಗಿರಾಕಿಗಳನ್ನು ರಂಜಿಸುವವನು. ಇವತ್ತು ಅವನ ಫೋನು ಗೋಡೆಯಾಚೆಯ ಡಾಕ್ಟರ ಡುಮ್ಮಿ ವೈಫೈಗೆ ಜಾರಿಕೊಂಡಿತ್ತು. ಟಿವಿ ಎಂದು ಒಂದು ಕಂಡಿತು, ಒತ್ತಿದ. ಹಲ್ಲು ಉಜ್ಜುವ ಕ್ರಮ ತೋರಿಸಬೇಕಿದ್ದ ಡಾಕ್ಟರ ಟಿವಿಯಲ್ಲಿ ಒಬ್ಬ ಪೈಲ್ವಾನ ಇನ್ನೊಬ್ಬನ ದವಡೆಗೆ ಮೊಣಕೈಯಿಂದ ಗುದ್ದತೊಡಗಿದ. ಸರದಿಗೆ ಕಾದಿದ್ದ ಒಬ್ಬ ಅಜ್ಜಿ ನೋವೇ ಇಲ್ಲವೆಂದು ಎದ್ದು ಹೋಗಿದ್ದರು. ಇತ್ತ ಡಾಕ್ಟರ ಕಂಪ್ಯೂಟರು ಬೇಕರಿಯ ಡುಮ್ಮಿಯನ್ನು ಹಿಡಿದಿತ್ತು. ಇಬ್ಬರದೂ ಒಂದೇ ಅಂಗಡಿಯಿಂದ ತಂದ ಒಂದೇ ಜಾತಿಯ ಪ್ರಿಂಟರು. ಡಾಕ್ಟರು ಬರೆದ ಚೀಟಿ ಬೇಕರಿಯಲ್ಲಿ ಬಿಲ್ಲಾಗಿ ಹೊರಬಂದು, ಹುಟ್ಟುಹಬ್ಬದ ಕೇಕಿನ ಡಬ್ಬಿಯ ಮೇಲೆ ಅಂಟಿ ಹೋಗಿತ್ತು. ಗಿರಾಕಿ ವಾಪಸು ಬಂದು ಡಬ್ಬಿ ಹಿಡಿದು ಓದುತ್ತಿದ್ದ: "ಸಿಹಿ ಮುಟ್ಟಕೂಡದು. ಬಿಸಿ ಉಪ್ಪುನೀರು ಮುಕ್ಕಳಿಸಿ."

ಡುಮ್ಮಿಯನ್ನು ಕಂಡದ್ದೇ ತಡ, ಮೂವರೂ ಬಾಗಿಲಿಗೆ ಬಂದರು.

"ಡ್ರೈವರಣ್ಣ, ಇದೇನು ಮಾಡಿಟ್ಟು ಹೋದ್ರಿ?" ಎಂದು ಬೇಕರಿಯಮ್ಮ ಸೊಂಟಕ್ಕೆ ಕೈಯಿಟ್ಟಳು.

ಸೊಸೆಗೆ ಎಲ್ಲವೂ ಆ ಕ್ಷಣವೇ ಹೊಳೆಯಿತು. ಶಾಲೆಯಲ್ಲಿ ಡುಮ್ಮಿ ಒಂದೇ. ಇಲ್ಲಿ ಗೋಡೆಗೆ ಗೋಡೆ ತಾಗಿಕೊಂಡು ಮೂರು. ಹೆಸರೂ ಪಾಸ್‌ವರ್ಡೂ ಒಂದೇ ಆದರೆ ಯಂತ್ರಕ್ಕೆ ಯಾರ ಮನೆಯಾದರೇನು? ಅವಳ ಕಂಪ್ಯೂಟರೂ ಅದನ್ನೇ ಮಾಡಿತು. ಬೇಕರಿಯದನ್ನು ಹಿಡಿಯಿತು, ಒಬ್ಬ ಓದುಗ ಬಾಗಿಲಿಗೆ ಅಡ್ಡ ನಿಂತದ್ದೇ ನೆಪ, ಅದನ್ನು ಬಿಟ್ಟು ಡಾಕ್ಟರದಕ್ಕೆ ಹಾರಿತು, ಅಲ್ಲಿಂದ ಕ್ಷೌರದಂಗಡಿಗೆ. ಹಾರಿದಾಗಲೆಲ್ಲ ಸಂಪರ್ಕ ಕಡಿದು, ಕೊಡುತ್ತಿದ್ದ ಪುಸ್ತಕ ಅರ್ಧದಲ್ಲೇ ನಿಂತಿತು. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಮೇಡಂ ಅದನ್ನೇ ನೋಡುತ್ತಿದ್ದರು.

"ಇದು ವ್ಯವಸ್ಥೆಯೇನ್ರಿ?" ಎಂದು ಅವರು ಮೆಲ್ಲಗೆ ಕೇಳಿದರು.

ಸೊಸೆ ಬಾಯಿ ತೆರೆಯುವ ಮೊದಲೇ ಮಾವ ಮುಂದೆ ಬಂದ. "ತಪ್ಪು ನಂದು ಮೇಡಂ. ಅವಳಿಗೆ ಗೊತ್ತಿಲ್ಲದೆ ನಾನೇ ಎಲ್ಲರ ಹತ್ರ ಹೋಗಿ ಹೆಸರು ಬದಲಾಯಿಸಿದ್ದು. ಅವಳನ್ನ ಏನೂ ಅನ್ಬೇಡಿ." ಅತ್ತೆ ತೀರಿಕೊಂಡ ವರ್ಷದ ನಂತರ ಅವನ ಮುಖ ಇಷ್ಟು ಬಾಡಿದ್ದನ್ನು ಸೊಸೆ ಕಂಡಿರಲಿಲ್ಲ. ಅವಳಿಗೆ ಅಳು ಬಂತು, ಜೊತೆಗೇ ಸಿಟ್ಟೂ ಬಂತು. ಸಿಟ್ಟೇ ಗೆದ್ದಿತು.

"ಒಂದು ಅರ್ಧ ಗಂಟೆ ಕೊಡಿ ಮೇಡಂ. ಈಗಲೇ ಸರಿ ಮಾಡ್ತೀನಿ," ಎಂದಳು. ಆಮೇಲೆ ಅಂಗಡಿಯವರತ್ತ ತಿರುಗಿದಳು. "ನೋಡಿ, ಬಹಳ ಸುಲಭ. ಡುಮ್ಮಿ ಅನ್ನೋ ಹೆಸರು ಒಬ್ಬರು ಇಟ್ಕೊಳ್ಳಿ, ಇನ್ನಿಬ್ಬರು ನಿಮ್ಮ ಹಳೇ ಹೆಸರಿಗೆ ಹೋಗಿ. ಯಾರು ಬಿಡ್ತೀರಿ?"

"ಡಾಕ್ಟ್ರು ಬಿಡಲಿ," ಎಂದ ಕ್ಷೌರದವನು.

"ನಾನ್ಯಾಕಪ್ಪ ಬಿಡ್ಲಿ?" ಎಂದರು ಡಾಕ್ಟರು, ಕೈಗವಸು ಕಳಚುತ್ತ. "ಬರೋ ಮಕ್ಕಳೆಲ್ಲ ವೈಫೈ ಹೆಸರು ನೋಡಿ ನಗ್ತಾ ಬಾಯಿ ತೆಗೀತಾರೆ. ಇಷ್ಟು ವರ್ಷದಲ್ಲಿ ಇಂಥ ಸುಖ ಕಂಡಿರ್ಲಿಲ್ಲ. ನೀನು ಬಿಡು."

"ನನ್ನ ಮಗಳು ಅಕ್ಷರ ಕಲಿತದ್ದೇ ಈ ಗಾಡೀಲಿ ಸ್ವಾಮಿ. ನಾನು ಬಿಟ್ರೆ ಅವಳು ನನಗೆ ಊಟ ಹಾಕಲ್ಲ."

"ನಿಂತಿರೋದು ನನ್ನ ಅಂಗಡಿ ಮುಂದೆ," ಎಂದು ಬೇಕರಿಯಮ್ಮ ನಡುವೆ ಬಂದಳು. "ಡ್ರೈವರಣ್ಣ ಹೇಳಿದ್ರು ಅಂತ ಪಾಸ್‌ವರ್ಡ್ ಬದಲಾಯಿಸೋದನ್ನೂ ಬಿಟ್ಟಿದೀನಿ. ಗಿರಾಕಿಗಳು ಬೇರು ಬಿಟ್ಟು ಕೂತ್ಕೊಳ್ತಿದಾರೆ. ಇಷ್ಟು ಮಾಡಿದ ಮೇಲೂ ನಾನೇ ಬಿಡ್ಬೇಕಾ?"

ಜಗಳ ಕಾವೇರಿತು. ಮುಕ್ಕಾಲು ಕ್ಷೌರವಾಗಿದ್ದ ಒಬ್ಬಾತ ನೊರೆ ಮೆತ್ತಿದ ಕೆನ್ನೆಯಲ್ಲೇ ಹೊರಗೆ ಬಂದು ಕ್ಷೌರದವನ ಪರ ನಿಂತ. ಕೇಕಿನ ಗಿರಾಕಿ ಬೇಕರಿಯಮ್ಮನ ಪರ. ಬಾಯಿಗೆ ಹತ್ತಿ ಇಟ್ಟುಕೊಂಡಿದ್ದ ರೋಗಿಯೊಬ್ಬ ಡಾಕ್ಟರ ಪರವಾಗಿ ಏನೋ ಹೇಳಿದ, ಯಾರಿಗೂ ಅರ್ಥವಾಗಲಿಲ್ಲ. ಬೈಯಲು ಬಂದವರು ಈಗ ಡುಮ್ಮಿ ತಮಗೇ ಬೇಕೆಂದು ಹಟ ಹಿಡಿದಿದ್ದರು. ಸೊಸೆ ಸಮಾಧಾನ ಮಾಡಿ ಮಾಡಿ ಸೋತಳು. ಕೊನೆಗೆ ಬೇಕರಿ ಡುಮ್ಮಿ, ಡಾಕ್ಟರ್ ಡುಮ್ಮಿ, ಕ್ಷೌರದ ಡುಮ್ಮಿ ಎಂದು ಮೂರು ಹೆಸರು ಮಾಡಿದ ಮೇಲೆಯೇ ಎಲ್ಲರೂ ತಣ್ಣಗಾದದ್ದು.

ಅವಳು ಮೂರು ಅಂಗಡಿಗೂ ಹೋಗಿ, ವೈಫೈ ಡಬ್ಬಿ ಮಗುಚಿ, ಅದರ ಬೆನ್ನ ಮೇಲಿನ ವಿಳಾಸ ನೋಡಿ ಅದರ ಸೆಟ್ಟಿಂಗಿನೊಳಗೆ ಹೊಕ್ಕು, ಹೆಸರನ್ನೂ ಪಾಸ್‌ವರ್ಡನ್ನೂ ಬೇರೆ ಮಾಡಿದಳು. ಬೇಕರಿಯ ಗಿರಾಕಿಗಳಿಗೆಂದೇ ಇನ್ನೊಂದು ಹೆಸರು ತೆರೆದು, ಅದನ್ನು ವಾರಕ್ಕೊಮ್ಮೆ ಬದಲಿಸುವುದು ಹೇಗೆಂದು ಹೇಳಿಕೊಟ್ಟಳು. ಗಾಡಿಗೆ ಬಂದು ಮೂರನ್ನೂ ಕಂಪ್ಯೂಟರಿನಲ್ಲಿ ಸೇವ್ ಮಾಡಿ, ಸಾಲಾಗಿ ಜೋಡಿಸಿದಳು. ಮೊದಲು ಬೇಕರಿ, ಅದು ಸಿಗದಿದ್ದರೆ ಡಾಕ್ಟರು, ಅವರೂ ಕೈಕೊಟ್ಟರೆ ಕ್ಷೌರದಂಗಡಿ. ಕೊನೆಯ ಜಾಗ ಸಿಕ್ಕಿದ್ದಕ್ಕೆ ಕ್ಷೌರದವನು ಮುಖ ಊದಿಸಿಕೊಂಡ, ಆದರೆ ಇನ್ನು ಮುಂದೆ ವೈಫೈ ಆರಿಸುವುದಿಲ್ಲ ಎಂದ. ಚಕ್ರ ನಿಂತಿತು. ಅರ್ಧದಲ್ಲಿ ನಿಂತಿದ್ದ ಪುಸ್ತಕ ಹೋಯಿತು, ಅದರ ಹಿಂದಿನದೂ ಹೋಯಿತು. ಪರೀಕ್ಷಿಸಲೆಂದು ಬೇಕರಿಯದನ್ನು ಆರಿಸಿ ನೋಡಿದರು. ಕಂಪ್ಯೂಟರು ಒಂದು ಕ್ಷಣ ತಡವರಿಸಿ ಡಾಕ್ಟರದನ್ನು ಹಿಡಿದು ಅಲ್ಲೇ ನಿಂತಿತು.

ಮೇಡಂ ಇಷ್ಟು ಹೊತ್ತೂ ಬೇಕರಿಯ ಬೆಂಚಿನ ಮೇಲೆ ಕೂತು ನೋಡುತ್ತಿದ್ದರು. ಈಗ ಎದ್ದು ಬಂದು ಮಾವನೆದುರು ನಿಂತರು.

"ಉಳಿದೆರಡು ವ್ಯಾನು ಯಾಕೆ ನಿಂತವು ಗೊತ್ತಾ?" ಎಂದರು. "ಕಂಪ್ಯೂಟರು ಚೆನ್ನಾಗೇ ಇದ್ವು. ಒಬ್ಬ ಅಂಗಡಿಯವನೂ ಪಾಸ್‌ವರ್ಡ್ ಕೊಡ್ಲಿಲ್ಲ. ನಾನೇ ಹೋಗಿ ಕೇಳಿದೆ, ನನಗೂ ಕೊಡ್ಲಿಲ್ಲ. ನೀವು ಹೆಸರೇ ಬದಲಾಯಿಸಿಬಿಟ್ಟಿದೀರಿ."

ಮಾವ ತಲೆ ತಗ್ಗಿಸಿದ.

"ಡುಮ್ಮಿ ಓಡಲಿ," ಎಂದರು ಮೇಡಂ. "ಆದರೆ ವಾರಕ್ಕೊಂದು ದಿನ ಆ ಎರಡು ವ್ಯಾನಿನ ನಿಲ್ದಾಣಗಳಿಗೂ ಹೋಗಿ ಬನ್ನಿ. ಜನರ ಹತ್ರ ನೀವು ಮಾತಾಡಿ. ಕಂಪ್ಯೂಟರಿಗೆ ಕೈ ಹಾಕೋದು ಮಾತ್ರ ನಿಮ್ಮ ಸೊಸೆ." ಬಿಗಿದ ತುಟಿಯ ಒಂದು ಮೂಲೆ ಸಡಿಲಾಯಿತು. ಅವರು ಕೇಕಿನ ಡಬ್ಬಿಯ ಮೇಲಿನ ಚೀಟಿಯನ್ನು ಇನ್ನೊಮ್ಮೆ ಓದಿಸಿಕೊಂಡು, ಒಂದು ಬನ್ನು ಕಟ್ಟಿಸಿಕೊಂಡು ಕಚೇರಿಗೆ ಹೊರಟರು.

ಸೊಸೆ ಪುಸ್ತಕಗಳನ್ನು ಸರಿಪಡಿಸಿ ಮುಂದಕ್ಕೆ ಬಂದಳು. ಮಾವ ಸ್ಟಿಯರಿಂಗ್ ಮುಂದೆ ಕೂತಿದ್ದ, ಗಾಡಿ ಶುರುಮಾಡಿರಲಿಲ್ಲ. ಸಿಳ್ಳೆಯೂ ಇಲ್ಲ. ಗಾಡಿಯ ಕೀಲಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಿದ್ದ.

"ಮಾವ, ಹುಷಾರಿದೀರಾ?"

"ಮೊನ್ನೆ ಗೇಟಿನವನ ಹತ್ರ ಹೋಗಿದ್ದೆ ಕಣಮ್ಮ," ಎಂದ ಮಾವ, ಎದುರಿನ ಬೀದಿ ನೋಡುತ್ತ. "ಕೆಲಸ ಏನಪ್ಪ ಅಂತ ಕೇಳಿದೆ. ಬಂದೋರನ್ನ ನೋಡೋದು ಅಂದ. ಯಾರೂ ಬರ್ದಿದ್ರೆ? ಅಂದೆ. ಬರ್ದಿದ್ರೂ ನೋಡ್ತಾ ಕೂರೋದು ಅಂದ."

ಇಷ್ಟು ದಿನ ಗಾಜು ಒರೆಸಿದ್ದು, ಸಿಳ್ಳೆ ಹಾಕಿದ್ದು, ಇಸ್ತ್ರಿ ಅಂಗಿ ಹಾಕಿಕೊಂಡು ಬೀದಿ ಬೀದಿ ತಿರುಗಿದ್ದು ಯಾವ ಹೆದರಿಕೆಗೆಂದು ಸೊಸೆಗೆ ಈಗ ತಿಳಿಯಿತು. ಅವಳು ಪಕ್ಕದ ಸೀಟಿನಲ್ಲಿ ಕೂತು ಅವನ ಕೈ ಮೇಲೆ ಕೈಯಿಟ್ಟಳು. ಮುಷ್ಟಿ ಸಡಿಲವಾಗುವವರೆಗೂ ತೆಗೆಯಲಿಲ್ಲ.

"ಹೊರಡಿ ಮಾವ," ಎಂದಳು ಆಮೇಲೆ. "ಮುಂದಿನ ಸ್ಟಾಪಿನಲ್ಲಿ ಜನ ನಮ್ಮ ದಾರಿ ನೋಡ್ತಾ ನಿಂತಿರ್ತಾರೆ."