ಶುಕ್ರವಾರದ ಇಂಜಿನ್

ಗಲ್ಫಿನ ಗಂಡಂದಿರು ಫೋನಿನಲ್ಲಿ ಮಕ್ಕಳ ತೊದಲು ಕೇಳುತ್ತಾರೆ, ತಾಯಿಯ ಕೆಮ್ಮು ಕೇಳುತ್ತಾರೆ. ಬಂಟ್ವಾಳದ ಸಜ್ನಾಳ ಗಂಡ ಫೈಝಲ್ ಕೇಳುತ್ತಿದ್ದದ್ದು ಕಾರಿನ ಇಂಜಿನನ್ನು.

ಅದೇನು ಸಾಮಾನ್ಯ ಇಂಜಿನಲ್ಲ. ಕಾರ್ ರ್‍ಯಾಲಿಯ ಹುಚ್ಚಿನಲ್ಲಿ ಮೂಡುಬಿದಿರೆಯ ಮೆಕ್ಯಾನಿಕ್ ಸುಧಾಕರನಿಂದ ಬಿಚ್ಚಿಸಿ ಕಟ್ಟಿಸಿದ್ದು. ಮದುವೆಯಾಗಿ ಮೂರು ತಿಂಗಳಿಗೆ ಫೈಝಲ್ ಸೌದಿಯ ದಮಾಮಿಗೆ ಹೋದ. ಕಾರು ಶೆಡ್ಡಿನಲ್ಲಿ ಉಳಿಯಿತು, ಇವಳು ಅಡುಗೆಮನೆಯಲ್ಲಿ.

ಪ್ರತಿ ಶುಕ್ರವಾರ ಜುಮಾ ನಮಾಜು ಮುಗಿಸಿ ಅವನ ಫೋನು. ಫೋನ್ ಕಾರ್ಡಿನಲ್ಲಿ ಹದಿನೈದು ನಿಮಿಷ. ತಾಯಿ ನಫೀಸಮ್ಮನಿಗೆ ನಾಲ್ಕು, ಉಳಿದದ್ದೆಲ್ಲ ಕಾರಿಗೆ. ಸಜ್ನಾ ಕಾರ್ಡ್‌ಲೆಸ್ ಫೋನು ಹಿಡಿದು ಶೆಡ್ಡಿಗೆ ಹೋಗಿ, ಸೀಟಿನಲ್ಲಿ ಕೂತು, ಇಂಜಿನ್ ಸ್ಟಾರ್ಟ್ ಮಾಡಿ ಕೇಳಿಸಬೇಕು. ಬಾಯಿ ತೆಗೆದರೆ, "ಸುಮ್ಮನಿರು ಮಾರಾಯ್ತಿ, ಕೇಳುದಿಲ್ಲ" ಎನ್ನುತ್ತಿದ್ದ. ವಾರವಿಡೀ ಕೂಡಿಟ್ಟ ಮಾತು ನಾಲಿಗೆಗೆ ಬರುವಷ್ಟರಲ್ಲಿ ಕಾರ್ಡು ಖಾಲಿ. ಸವತಿಯಾದರೆ ಜಗಳವಾದರೂ ಆಡಬಹುದು, ಕಬ್ಬಿಣದ ಹತ್ತಿರ ಎಂತ ಆಡುವುದು?

2003ರ ಒಂದು ಶುಕ್ರವಾರ, ಇಂಜಿನ್ ಸ್ಟಾರ್ಟಾದ ಮೇಲೂ ಸ್ಟಿಯರಿಂಗಿನ ಎದುರಿನ ಕೆಂಪು ಆಯಿಲ್ ದೀಪ ಆರಲಿಲ್ಲ. ಸುಧಾಕರ ಹಿಂದೊಮ್ಮೆ ಎಚ್ಚರಿಸಿದ್ದ: "ಅಕ್ಕ, ಆಯಿಲ್ ಪಂಪ್ ಹೇಳಿ ಕೇಳಿ ಹಾಳಾಗುದಿಲ್ಲ. ಈ ದೀಪ ಕಂಡ್ರೆ ಕೂಡಲೇ ಬಂದ್ ಮಾಡಿ. ಇಲ್ಲದಿದ್ರೆ ಎರಡು ನಿಮಿಷದಲ್ಲಿ ಇಂಜಿನ್ ಜಾಮ್."

ಅವಳ ಕೈ ಕೀಯ ಮೇಲೇ ಇತ್ತು.

"ನಿಮ್ಮತ್ರ ಒಂದು ವಿಷಯ ಹೇಳ್ಲಿಕ್ಕುಂಟು," ಎಂದಳು.

"ಮತ್ತೆ ಹೇಳು. ಈಗ ಎಕ್ಸಿಲರೇಟರ್ ಒತ್ತಿ ಸ್ವಲ್ಪ ರೈಸ್ ಮಾಡು."

ಸಜ್ನಾ ರೈಸ್ ಮಾಡಿದಳು. ಬೇಕೆಂದೇ ಮಾಡಿದಳು. ಮೊದಲು ಟಕಟಕ, ಆಮೇಲೆ ಕಬ್ಬಿಣ ಕಬ್ಬಿಣವನ್ನೇ ಅರೆಯುವ ಸದ್ದು. "ಬಂದ್ ಮಾಡು!" ಎಂದು ಅವನು ಕೂಗುವಷ್ಟರಲ್ಲಿ ಇಂಜಿನ್ ಒಮ್ಮೆ ಜಗ್ಗಿ ನಿಂತೇಬಿಟ್ಟಿತು.

ಸುಧಾಕರ ಬಂದು ಬಿಚ್ಚಿದ. ಪಂಪಿನ ಗೇರು ತುಂಡಾಗಿತ್ತು. "ಯಾರ ತಪ್ಪೂ ಅಲ್ಲ ಅಕ್ಕ," ಎಂದ. ದೀಪ ಕಂಡದ್ದನ್ನು ಸಜ್ನಾ ಹೇಳಲಿಲ್ಲ. ಹೆದರಿಕೆಯೂ ಆಗಿತ್ತು, ಸುಳ್ಳೇಕೆ, ಸಂತೋಷವೂ ಆಗಿತ್ತು. ಇನ್ನು ಹನ್ನೊಂದು ನಿಮಿಷ ಅವಳದ್ದೇ.

ಮುಂದಿನ ಶುಕ್ರವಾರ ಫೈಝಲ್ ತಾನಾಗಿ ಕೇಳಿದ: "ಹೇಳು, ಎಂತದೋ ವಿಷಯ ಉಂಟು ಅಂದಿದ್ದಿ."

"ಇಲ್ಲಿ ನನಗೆ ಒಬ್ಬಳಿಗೇ ಆಗುದಿಲ್ಲ."

"ನನಗೂ ಆಗುದಿಲ್ಲ ಸಜ್ನಾ. ಒಂದು ರೂಮಿನಲ್ಲಿ ಎಂಟು ಜನ, ಮಾತಾಡ್ಲಿಕ್ಕೆ ನಾಚಿಕೆ. ಆ ಶಬ್ದ ಕೇಳ್ತಾ ಕಣ್ಣು ಮುಚ್ಚಿದ್ರೆ ನಾವಿಬ್ರೂ ಚಾರ್ಮಾಡಿ ಘಾಟಿ ಹತ್ತುದು ಕಾಣ್ತಿತ್ತು. ನೀನು ಪಕ್ಕದಲ್ಲಿ ಕೂತು, ಮೆಲ್ಲ ಹೋಗಿ, ಮೆಲ್ಲ ಹೋಗಿ ಅಂತ ಬೈಯುದು. ಇನ್ನು ಅದೂ ಇಲ್ಲ."

ಕಾರ್ಡಿನಲ್ಲಿ ಬೇಕಾದಷ್ಟು ನಿಮಿಷ ಉಳಿದಿತ್ತು. ಸಜ್ನಾ ಫೋನು ಹಿಡಿದೇ ಶೆಡ್ಡಿಗೆ ಹೋಗಿ, ಕಾರಿನಲ್ಲಿ ಅವನ ಪಕ್ಕದ ಸೀಟಿನಲ್ಲಿ ಕೂತಳು.