ನೀರು ಕುಡಿದ ಊಟದ ಮಣೆ

ನಾನು ಒಂದು ಊಟದ ಮಣೆ. ಬಾಗಲಕೋಟೆಯ ಒಂದು ಮನೆಯಲ್ಲಿ ಹೊಸ ಬಾಗಿಲಿಗೆಂದು ತಂದ ಸಾಗವಾನಿಯಲ್ಲಿ ಮಿಕ್ಕ ತುಂಡು. ಬಡಿಗ ಕಾಳಪ್ಪ ನನ್ನ ಕೆಳಬದಿಗೆ ಪಟ್ಟಿ ಬಡಿದು, ಮೂಲೆಗಳಿಗೆ ಹಿತ್ತಾಳೆ ಹೂ ಕೂರಿಸಿ ಮನೆಯೊಡತಿಗೆ ಕೊಟ್ಟ. ಆಕೆ ನನ್ನನ್ನು ಮಗ ಗುಂಡಾಚಾರ್ಯನಿಗೆ ಹಾಕಿದಳು. ಆಗಷ್ಟೇ ಮುಂಜಿಯಾದ ಹುಡುಗ, ಹೂವಿನಷ್ಟು ಹಗುರ.

ಮಣೆಗೆ ಮುಖಕ್ಕಿಂತ ಮೊದಲು ಭಾರ ತಿಳಿಯುತ್ತದೆ. ಆ ಹುಡುಗ ಬೆಳೆದು ಆಚಾರ್ಯರಾದರು. ಅವರು ಕುಳಿತರೆ ಮೊದಲು ಎಲೆಯ ಸುತ್ತ ನೀರಿನ ಗೆರೆ, ಪಕ್ಕದಲ್ಲಿ ಒಂದಿಷ್ಟು ಅಗುಳು, ಶ್ಲೋಕ, ಒಂದು ಗುಟುಕು ನೀರು. ಅದಾದ ಮೇಲೆಯೇ ತುತ್ತು. ಅನ್ನ ದೇವರದು ಎಂದು ಅಡುಗೆಯಲ್ಲಿ ಎಂದೂ ತಪ್ಪು ಹುಡುಕಲಿಲ್ಲ.

ತಾಯಿ ಹೋದಳು. ಹೆಂಡತಿ ಬಂದಳು, ಅವಳೂ ಹೋದಳು. ಬಡಿಸುವ ಕೆಲಸ ಸೊಸೆ ವನಜಾಳ ಪಾಲಿಗೆ ಬಂತು. ಅವಳು ಎಂದೂ ನನ್ನ ಮೇಲೆ ಕುಳಿತವಳಲ್ಲ. ಎಲ್ಲರದೂ ಮುಗಿದ ಮೇಲೆ, ಆರಿದ್ದನ್ನು ಒಲೆಯ ಪಕ್ಕ ನಿಂತೇ ಉಣ್ಣುತ್ತಿದ್ದಳು. ಶ್ಲೋಕ ಹೇಳುವ ರೂಢಿ ಆ ಮನೆಯ ಹೆಂಗಸರಿಗೆ ಇರಲಿಲ್ಲ.

ವಯಸ್ಸಾದಂತೆ ಆಚಾರ್ಯರಿಗೆ ಮರೆವು ಬಂತು. ಶ್ಲೋಕ ಅರ್ಧಕ್ಕೇ ನಿಲ್ಲುತ್ತಿತ್ತು. ನಿಂತರೆ ಮತ್ತೆ ಮೊದಲಿನಿಂದ, ಮತ್ತೆ ನೀರಿನ ಗೆರೆ. ಆ ನೀರು ಹರಿದು ನನ್ನ ಕೆಳಗೆ ನಿಂತು ನಾನು ಉಬ್ಬಿದೆ. ಎಲೆಯ ಮೇಲಿನ ಅನ್ನವೂ ತೊಯ್ದು ಹೋಗುತ್ತಿತ್ತು. ಶ್ಲೋಕ ಮುಗಿಯದೆ ಉಣ್ಣುವಂತಿಲ್ಲ. ಅವರು ಉಪವಾಸವೇ ಏಳುತ್ತಿದ್ದರು. ನನ್ನ ಮೇಲಿನ ಭಾರ ದಿನೇ ದಿನೇ ಇಳಿಯಿತು.

"ಅಪ್ಪಾ, ಸುಮ್ನ ತುತ್ತು ಬಾಯಾಗ ಇಡ್ರಿ. ದೇವರೇನ್ ಪರೀಕ್ಷಾ ತಗೋತಾನೇನು?" ಎಂದು ಮಗ ಶ್ಯಾಮ ರೇಗಿದ.

ವನಜಾ ತುತ್ತು ಕಲಸಿ ಬಾಯಿಯ ಹತ್ತಿರ ಒಯ್ದಳು. ಆಚಾರ್ಯರು ಮುಖ ತಿರುಗಿಸಿದರು.

"ಕಳ್ಳನಂಗ ಉಣ್ಲೇನವಾ?"

ಒಂದು ಮಧ್ಯಾಹ್ನ ಅವರು ಹಾಗೆಯೇ ಎದ್ದು ಹೋಗಿ ಕಂಬಕ್ಕೆ ಒರಗಿ ಕುಳಿತರು. ವನಜಾ ತೊಯ್ದ ಎಲೆ ತೆಗೆದು ಬೇರೆ ಎಲೆ ಹಾಕಿ, ಬಿಸಿ ಅನ್ನ ಬಡಿಸಿದಳು. ನನ್ನ ಮೇಲೆಯೇ ಕುಸಿದು ಕುಳಿತಳು. ಎಷ್ಟು ಭಾರವಿತ್ತು ಆ ದಣಿವು! ಆಮೇಲೆ ಕೈಯಲ್ಲಿ ನೀರು ಹಿಡಿದು ಗೆರೆ ಎಳೆದಳು. ಅಡುಗೆಮನೆಯ ಗೋಡೆಯಾಚೆಯಿಂದ ಇಷ್ಟು ವರ್ಷ ಕೇಳಿದ ಶ್ಲೋಕವನ್ನು ಒಂದಕ್ಷರ ಬಿಡದೆ ಹೇಳಿದಳು.

ಆಚಾರ್ಯರು ತೆವಳುತ್ತ ಹತ್ತಿರ ಬಂದರು. "ಮುಗೀತೇನವಾ?"

"ಮುಗೀತ್ರಿ ಮಾವಾ. ಉಣ್ರಿ."

"ಹೇಳಿದಾಕಿ ನೀನು. ನೀ ಉಣ್ಣದ ನಾ ಹೆಂಗ ಉಣ್ಲಿ?"

ಅವಳು ಒಂದು ತುತ್ತು ಉಂಡಳು. ಆಗ ಅವರು ಮಗುವಿನಂತೆ ಬಾಯಿ ತೆರೆದರು. ಅದೇ ಎಲೆಯಿಂದ ಅವಳು ಉಣಿಸಿದಳು.

ಬಾಗಿಲಲ್ಲಿ ನಿಂತ ಶ್ಯಾಮ, "ಅಯ್ಯೋ, ಎಂಜಲಾತಲ್ಲೇ!" ಎಂದ.

"ಏ, ಉಣ್ಣೋವಾಗ ಮಾತಾಡಬಾರದು," ಎಂದು ಆಚಾರ್ಯರು ಗದರಿ ಮತ್ತೆ ಬಾಯಿ ತೆರೆದರು.

ಅವರು ಹೋಗಿ ಬಹಳ ಕಾಲವಾಯಿತು. ನೀರು ಕುಡಿದು ಕುಡಿದು ನಾನು ಬಿರುಕು ಬಿಟ್ಟಿದ್ದೇನೆ. ಬಾಗಿಲ ಹಿಂದೆ ಒರಗಿದ್ದೇನೆ. ಬಹಳ ದಣಿದಿದ್ದೇನೆ. ಅನ್ನಕ್ಕೆ ಕೈ ಮುಗಿಯಬೇಕಾದರೆ ಮೊದಲು ಅದರ ಮುಂದೆ ಕೂರಬೇಕಲ್ಲವೇ, ಎಂದು ಈಗೀಗ ಅನ್ನಿಸುತ್ತದೆ. ಮಧ್ಯಾಹ್ನವಾದರೆ ವನಜಾ ಬರಿಯ ನೆಲದ ಮೇಲೆ ಎಲೆ ಹಾಕಿಕೊಂಡು ಕೂರುತ್ತಾಳೆ. ಅವಳ ಶ್ಲೋಕ ಮುಗಿದಾಗಲೂ ಅನ್ನದಿಂದ ಹಬೆ ಏಳುತ್ತಿರುತ್ತದೆ.