ದೊಡ್ಡ ಮೇಡಂ ಅವರ ಬೆನ್ನು

ದೊಡ್ಡ ಮೇಡಂ ಕುರ್ಚಿಗೆ ಒರಗಿ ಕುಳಿತದ್ದನ್ನು ನಾನು ಕಂಡಿಲ್ಲ, ನನಗಿಂತ ಮೊದಲು ಕಲಿತವರೂ ಕಂಡಿಲ್ಲ. ಕುರ್ಚಿಯ ಬೆನ್ನಿಗೂ ಅವರ ಬೆನ್ನಿಗೂ ನಡುವೆ ಸದಾ ಒಂದು ಗೇಣು ತೆರವು. ಬೆಳಗಿನ ಮೊದಲ ತಂಡ ಕಬ್ಬಿಣದ ಮೆಟ್ಟಿಲು ಹತ್ತಿ ಬರುವುದರಿಂದ ಹಿಡಿದು ಸಂಜೆಯ ಕೊನೆಯ ತಂಡ ಇಳಿದುಹೋಗುವವರೆಗೆ ಆ ತೆರವು ಹಾಗೆಯೇ ಉಳಿಯುತ್ತಿತ್ತು. ಟೈಪಿಂಗ್ ಕಲಿಯಲು ಬಂದವರಿಗೆ ಅವರು ಅಕ್ಷರಕ್ಕಿಂತ ಮೊದಲು ಹೇಳಿಕೊಡುತ್ತಿದ್ದ ಪಾಠವೂ ಅದೇ: “ಬೆನ್ನು ನೆಟ್ಟಗೆ. ಬೆರಳು ಆಮೇಲೆ.” ಇದನ್ನು ನಾವು ಶಿಸ್ತು ಎಂದುಕೊಂಡೆವು, ನಮ್ಮಲ್ಲಿ ತುಂಟರಾದವರು ಮೇಡಂ ಎಳವೆಯಲ್ಲಿ ಅಡಿಪಟ್ಟಿ ನುಂಗಿದ್ದಾರೆ ಎಂದರು, ಅವರನ್ನು ಕಂಡರಾಗದವರು ದುರಹಂಕಾರ ಎಂದರು. ಮೂರೂ ತಪ್ಪು. ಒರಗಿದರೆ ಅವರ ಬೆನ್ನು ಉರಿಯುತ್ತಿತ್ತು, ಅಷ್ಟೇ.

ಮೈಮೇಲೆ ಎಂಥ ಸೆಕೆಯಲ್ಲೂ ಬೂದುಬಣ್ಣದ ಹತ್ತಿಯ ಕೋಟು. ಅದರ ಎಡಜೇಬಿನಲ್ಲಿ ಯಂತ್ರ ಒರೆಸುವ ಚಿಂದಿ, ಬಲಜೇಬಿನಲ್ಲಿ ಅರ್ಧ ಹೊರಗಿಣುಕುವ ಮರದ ಅಡಿಪಟ್ಟಿ. ಒಂದೊಂದೇ ಹೆಜ್ಜೆಯನ್ನು ಅಳೆದಿಡುತ್ತ ಕೋಣೆಯ ಕೊನೆ ಮುಟ್ಟಿ, ಅಲ್ಲಿಂದ ಒಂದೇ ಉಸಿರಿಗೆ ಮೊದಲ ಸಾಲಿಗೆ ಮರಳುವ ಅವರ ನಡಿಗೆಯನ್ನು ಟೈಪ್‌ರೈಟರಿನಿಂದಲೇ ಕಲಿತಿರಬೇಕು. ವರ್ಷಗಟ್ಟಲೆ ಉಕ್ತಲೇಖನ ಕೊಟ್ಟು ಕೊಟ್ಟು ಅವರ ಸಾಮಾನ್ಯ ಮಾತಿನೊಳಗೂ ಚಿಹ್ನೆಗಳು ಸೇರಿಹೋಗಿದ್ದವು. “ಬಂದದ್ದು ಒಳ್ಳೇದಾಯ್ತು, ಕಾಮಾ, ಆದ್ರೆ ಛತ್ರಿ ಆಚೆ ಬಿಡು, ಫುಲ್‌ಸ್ಟಾಪ್” ಎನ್ನುವುದು ನನಗೆ ಸಿಗುತ್ತಿದ್ದ ಸ್ವಾಗತ. ಅಲ್ಲಿ ಕಲಿತು ಹೋದ ಮೇಲೂ ನಾನು ಆ ಮೆಟ್ಟಿಲು ಹತ್ತುತ್ತಲೇ ಇದ್ದೆ, ಏಕೆಂದರೆ ನನ್ನ ಕೈಬರಹ ನನಗೇ ಓದಲು ಬಾರದಂಥದ್ದು, ಅದನ್ನು ಓದಿ ಅಚ್ಚಿಗೆ ತಯಾರು ಮಾಡಬಲ್ಲವರು ಈ ಭೂಮಿಯ ಮೇಲೆ ಅವರೊಬ್ಬರೇ. ನನ್ನ ಪ್ರಬಂಧ ಚೆನ್ನಾಗಿದೆ ಎಂದು ಒಂದು ದಿನವೂ ಹೇಳಿದವರಲ್ಲ. “ಈ ವಾಕ್ಯಕ್ಕೆ ಉಸಿರು ಕಟ್ತಾ ಇದೆ” ಎನ್ನುವರು, ನನ್ನನ್ನು ಕೇಳದೆ ಅದನ್ನು ಎರಡಾಗಿ ಕತ್ತರಿಸುವರು. ಅವರು ಕತ್ತರಿಸಿದ್ದು ಸರಿಯಾಗಿಯೇ ಇರುತ್ತಿತ್ತು ಎಂಬುದು ನನ್ನ ಹೊಟ್ಟೆಯುರಿ.

ಚಿಕ್ಕ ಮೇಡಂ ಅವರ ಬೆನ್ನಿಗೆ ಬಿದ್ದ ತಂಗಿ. ಮುಂದಿನ ಹಜಾರದಲ್ಲಿ ಶಾಲೆ, ಹಿಂದಿನ ಎರಡು ಕೋಣೆಗಳಲ್ಲಿ ಅಕ್ಕತಂಗಿಯರ ಸಂಸಾರ. ಇಬ್ಬರೂ ಮದುವೆಯಾದವರಲ್ಲ. ಅಕ್ಕ ಪಾಠ, ತಂಗಿ ಉಳಿದದ್ದೆಲ್ಲ. ಒಂದು ಸಲ ಅಕ್ಕ ಪರೀಕ್ಷಕಿಯಾಗಿ ಬೇರೆ ಊರಿಗೆ ಹೋಗಿದ್ದಾಗ ತಂಗಿ ಟೈಪ್‌ರೈಟರುಗಳಲ್ಲಿ ಅರ್ಧದಷ್ಟನ್ನು ಹಿಂದಿನ ಕೋಣೆಗೆ ಸಾಗಿಸಿ ಅವು ಇದ್ದ ಜಾಗದಲ್ಲಿ ಕಂಪ್ಯೂಟರುಗಳನ್ನು ಇಡಿಸಿಬಿಟ್ಟರು. ಹೇಳಿದ್ದರೆ ಅಕ್ಕ ಜಪ್ಪಯ್ಯ ಎಂದರೂ ಒಪ್ಪುತ್ತಿರಲಿಲ್ಲ, ನಿಜ. ಹೇಳದೆ ಮಾಡಿದ್ದೂ ತಪ್ಪು, ಅದೂ ನಿಜ. ಮರಳಿ ಬಂದ ಅಕ್ಕ ಬಾಗಿಲಲ್ಲೇ ನಿಂತು, ವಿದ್ಯಾರ್ಥಿಗಳೆದುರಿಗೆ, “ನಾನು ಸಾಯೋವರೆಗಾದ್ರೂ ಕಾಯಬಹುದಿತ್ತು” ಎಂದರು. ತಂಗಿ ಕಂಪ್ಯೂಟರಿನ ಧೂಳು ಒರೆಸುತ್ತಲೇ, “ಅಲ್ಲೀವರೆಗೆ ಹೊಟ್ಟೆಗೆ ಏನು ತಿನ್ನೋದು?” ಎಂದರು. ಆಡಿದ ಮಾತು, ಒಡೆದ ಮುತ್ತು ಎನ್ನುತ್ತಾರಲ್ಲ, ಹಾಗಾಯಿತು. ಅಂದಿನಿಂದ ಇಬ್ಬರೂ ಮಾತು ಬಿಟ್ಟರು.

ಮಾತು ಬಿಟ್ಟವರ ಮನೆ ಮೌನವಾಗಿರುತ್ತದೆ ಎಂದು ತಿಳಿಯುವವರು ಅಂಥ ಮನೆಯನ್ನು ನೋಡಿಲ್ಲ. ಅಲ್ಲಿ ಮಾತಿಗೇನೂ ಬರವಿರಲಿಲ್ಲ, ವಿಳಾಸ ಮಾತ್ರ ಬದಲಾಗಿತ್ತು. “ಕಿಟಕಿ ಹಾಕಿದ್ರೆ ಕಾಗದ ಹಾರಲ್ಲ ಅಂತ ಯಾರಿಗಾದ್ರೂ ತೋಚಿದ್ರೆ ಒಳ್ಳೇದು” ಎಂದು ಅಕ್ಕ ಟೈಪ್‌ರೈಟರಿಗೆ ಹೇಳುವರು. “ಕಾಫಿ ಆರಿಹೋಗ್ತಾ ಇದೆ” ಎಂದು ತಂಗಿ ಒಲೆಗೆ ತಿಳಿಸುವರು. ನಾನು ಹೋದ ದಿನ ಯಂತ್ರಗಳಿಗೆಲ್ಲ ರಜೆ, ಅವುಗಳ ಕೆಲಸವೆಲ್ಲ ನನ್ನ ಪಾಲಿಗೆ ಬರುತ್ತಿತ್ತು. ಇಬ್ಬರ ನಡುವೆ ಕುಳಿತು “ಮೇಡಂ ಹೀಗಂತಾರೆ, ಮೇಡಂ ಹಾಗಂತಾರೆ” ಎಂದು ಒಪ್ಪಿಸಿ ಒಪ್ಪಿಸಿ ನಾನು ಮೆಟ್ಟಿಲಿಳಿಯುವಾಗ ನನ್ನ ತಲೆ ನನ್ನದಾಗಿ ಉಳಿದಿರುತ್ತಿರಲಿಲ್ಲ.

ಇಂಥ ಮನೆಯಲ್ಲಿ ಬೆನ್ನಿಗೆ ಇಸುಬು ಬಂದರೆ ಕಷ್ಟ. ಹಳೆಯ ಕಾಯಿಲೆ ಅದು, ಹೋಯಿತು ಎನ್ನುವಷ್ಟರಲ್ಲಿ ಬಂತು ಎನ್ನುವಂಥದ್ದು; ಮಾತು ಬಿಟ್ಟ ಮರುವರ್ಷ ಎರಡು ಹೆಗಲುಗಳ ನಡುವೆ ಅಂಗೈಯಗಲ ದಪ್ಪಗಟ್ಟಿ, ಕೆಂಪಾಗಿ, ಒಡೆದು ರಸಿಕೆ ಸೋರುವವರೆಗೆ ಬೆಳೆಯಿತು. ದೊಡ್ಡ ಮೇಡಂ ಒಬ್ಬರೇ ಹೋಗಿ ಚರ್ಮದ ಡಾಕ್ಟರಿಗೆ ತೋರಿಸಿ ಒಂದು ಸ್ಟೀರಾಯ್ಡ್ ಮುಲಾಮು ಬರೆಸಿಕೊಂಡು ಬಂದರು. ತಂದದ್ದೇನೋ ಸರಿ, ಹಚ್ಚುವುದು ಹೇಗೆ? ತನ್ನ ಬೆನ್ನು ತನಗೆ ಕಾಣದು, ಕೈಗೂ ಎಟುಕದು. ಅಡಿಪಟ್ಟಿಯ ತುದಿಗೆ ಮುಲಾಮು ಮೆತ್ತಿ, ಕುತ್ತಿಗೆಯ ಹಿಂದಿನಿಂದ ಇಳಿಬಿಟ್ಟು, ಅಂದಾಜಿನ ಮೇಲೆ ಬಳಿದುಕೊಳ್ಳುತ್ತಿದ್ದರಂತೆ. ಕೋಟಿಗೆ ಆಯಿತು, ಕೂದಲಿಗೆ ಆಯಿತು, ಗೋಡೆಗೂ ಆಯಿತು. ಇಸುಬಿಗೆ ಮಾತ್ರ ಆಗಲಿಲ್ಲ. ಒಂದು ಬೆಳಿಗ್ಗೆ ಚಿಕ್ಕ ಮೇಡಂ ಅಡುಗೆಮನೆಯಿಂದ ಬಂದು, ತುಟಿಪಿಟಕ್ ಎನ್ನದೆ ಅಕ್ಕನ ಕೈಯಿಂದ ಟ್ಯೂಬು ಕಿತ್ತುಕೊಂಡು, ಭುಜ ಹಿಡಿದು ಅವರನ್ನು ತಿರುಗಿಸಿ ಕೂರಿಸಿದರು.

ಆಮೇಲೆ ಅದು ನಿತ್ಯದ ಕೆಲಸವಾಯಿತು. ಸ್ನಾನವಾದ ಮೇಲೆ ಅಕ್ಕ ಕಿಟಕಿಗೆ ಮುಖ ಮಾಡಿ ಸ್ಟೂಲಿನ ಮೇಲೆ ಕೂರುವುದು, ತಂಗಿ ಹಿಂದೆ ನಿಲ್ಲುವುದು. ಮೊದಮೊದಲು ತಂಗಿ ಎಣ್ಣೆ ತಿಕ್ಕುವಂತೆ ಧಾರಾಳವಾಗಿ ತಿಕ್ಕಿರಬೇಕು, ಏಕೆಂದರೆ ಒಂದು ಸಂಜೆ ದೊಡ್ಡ ಮೇಡಂ ಖಾಲಿ ಹಜಾರದಲ್ಲಿ ಟೈಪ್‌ರೈಟರಿನೆದುರು ಕುಳಿತು, ಒಳಮನೆಗೆ ಕೇಳುವಷ್ಟು ಗಟ್ಟಿಯಾಗಿ, ಡಾಕ್ಟರು ಹೇಳಿದ್ದನ್ನು ಉಕ್ತಲೇಖನ ಕೊಟ್ಟುಕೊಂಡರು. ನಾನು ಮೂಲೆಯಲ್ಲಿ ನನ್ನ ಹಾಳೆ ತಿದ್ದುತ್ತ ಕೇಳಿಸಿಕೊಂಡಿದ್ದೇನೆ. “ದಿನಕ್ಕೆ ಒಂದೇ ಸಲ, ಫುಲ್‌ಸ್ಟಾಪ್. ತೋರುಬೆರಳ ತುದಿಯಿಂದ ಮೊದಲ ಗೆರೆವರೆಗೆ ಬಂದಷ್ಟು ಮುಲಾಮು, ಕಾಮಾ, ಎರಡು ಅಂಗೈ ಅಗಲಕ್ಕೆ ಸಾಕು. ಇಸುಬು ಇರೋ ಕಡೆ ಮಾತ್ರ, ಕಾಮಾ, ತೆಳ್ಳಗೆ. ಮೇಲೆ ಬಿಗಿಯಾಗಿ ಬಟ್ಟೆ ಕಟ್ಟಬಾರದು. ಆ ಕೈ ಮುಖಕ್ಕೆ, ಕಣ್ಣಿಗೆ ತಾಗಬಾರದು, ಕಾಮಾ, ಹಚ್ಚಿದ ಮೇಲೆ ಸೋಪು ಹಾಕಿ ತೊಳೀಬೇಕು. ಒಬ್ಬರ ಟ್ಯೂಬು ಇನ್ನೊಬ್ಬರು ಹಚ್ಚಿಕೊಳ್ಳಬಾರದು, ಫುಲ್‌ಸ್ಟಾಪ್.” ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತ್ತು. ಇಷ್ಟು ಸ್ಪಷ್ಟವಾದ ಪಾಠವನ್ನು ನಾನು ಓದಿದ ಯಾವ ಶಾಲೆಯಲ್ಲೂ ಕೇಳಿರಲಿಲ್ಲ.

ಇದಾಗಿ ಒಂದೂವರೆ ವರ್ಷ ಕಳೆದಿರಬಹುದು. ಕಂಪ್ಯೂಟರಿನ ಮುಂದೆಯೂ ಈಗ ಜನ ಕಡಿಮೆ. ಎಲ್ಲರೂ ಫೋನಿನಲ್ಲಿ ಹೆಬ್ಬೆರಳಿನಿಂದ ಬರೆಯುತ್ತಾರೆ, ಅದಕ್ಕೆ ಬೆನ್ನು ನೆಟ್ಟಗಿರಬೇಕಾಗಿಲ್ಲ. ಒಂದು ಮಧ್ಯಾಹ್ನ ಚಿಕ್ಕ ಮೇಡಂ ನಮ್ಮ ಮನೆಗೆ ಬಂದರು. ಅದುವರೆಗೆ ಬಂದವರಲ್ಲ. ಕೂರಲಿಲ್ಲ. “ಅಕ್ಕನ ಬೆನ್ನಿಗೆ ಕಪಾಟಿನ ಅಂಚು ಸುಮ್ಮನೆ ತಾಗಿತು ಅಷ್ಟೇ, ಚರ್ಮ ಹರಿದು ಕೋಟೆಲ್ಲ ರಕ್ತ. ನೀವು ಡಾಕ್ಟರ ಹತ್ರ ಕರ್ಕೊಂಡು ಹೋಗಿ. ನಾನು ಹೇಳೋ ಹಾಗಿಲ್ಲ, ನಿಮಗೆ ಗೊತ್ತಲ್ಲ” ಎಂದರು.

ಚರ್ಮದ ಡಾಕ್ಟರು ನನ್ನ ವಯಸ್ಸಿನ ಹೆಂಗಸು, ಕನ್ನಡಕದ ಕೆಳಗೆ ಕಣ್ಣುಗಳು ಉಜ್ಜಿ ಉಜ್ಜಿ ಕೆಂಪಾಗಿದ್ದವು. ಕೋಟು ಕಳಚಿದಾಗ ನಾನು ಮೊದಲ ಬಾರಿ ಆ ಬೆನ್ನನ್ನು ನೋಡಿದೆ. ಇಸುಬಿನ ಗುರುತೇ ಇರಲಿಲ್ಲ. ಅದಿದ್ದ ಜಾಗದಲ್ಲಿ ಚರ್ಮ ಈರುಳ್ಳಿಯ ಒಳಪೊರೆಯಂತೆ ತೆಳುವಾಗಿ ಮಿರುಗುತ್ತಿತ್ತು. ಒಳಗಿನ ರಕ್ತನಾಳಗಳು ಕೆಂಪು ಎಳೆಗಳಾಗಿ ಹೊರಗೆ ಕಾಣುತ್ತಿದ್ದವು. ಪಕ್ಕದಲ್ಲಿ ಮಾಸಲು ನೇರಳೆ ಬಣ್ಣದ ಸೀಳುಗೆರೆಗಳು.

“ಎರಡು ವಾರ ಹಚ್ಚಿ ಬಂದು ತೋರಿಸಿ ಅಂದಿದ್ದೆ,” ಎಂದರು ಡಾಕ್ಟರು. “ಎಷ್ಟು ದಿನದಿಂದ ಹಚ್ತಾ ಇದ್ದೀರಿ?”

“ಅವತ್ತಿನಿಂದ.”

“ದಿನಾನೂ?”

“ದಿನಾನೂ.”

“ಅಂಗಡಿಯವರು ಹಳೇ ಚೀಟಿಗೇ ಕೊಡ್ತಾ ಹೋದ್ರಾ? ಕೊಡ್ತಾರೆ ಬಿಡಿ. ಯಾರು ಹಚ್ಚೋದು?”

ದೊಡ್ಡ ಮೇಡಂ ಮಡಿಲಲ್ಲಿದ್ದ ಕೋಟನ್ನು ಮಡಚಿದರು. “ಮನೇಲಿ ಒಬ್ಬರಿದ್ದಾರೆ.”

“ಅವರಿಗೆ ಕಣ್ಣು ಕಾಣಲ್ವಾ ಅಮ್ಮ? ಇದು ವಾಸಿಯಾಗಿ ಯಾವ ಕಾಲ ಆಯ್ತೋ. ಚೆನ್ನಾಗಿರೋ ಚರ್ಮಕ್ಕೆ ಹಚ್ಚಿದ್ದೀರಿ. ಬೆಂಕಿ ಆರಿದ ಮೇಲೂ ನೀರು ಸುರೀತಾ ಇದ್ರೆ ಗೋಡೆ ನೆನೆದು ಬೀಳುತ್ತೆ.” ದಿನಕ್ಕೆ ಹತ್ತು ಸಲ ಆಡಿ ಸವೆದ ಮಾತನ್ನು ಆಡುವವರ ದಣಿವು ಆ ದನಿಯಲ್ಲಿತ್ತು. “ಕೆಲವರು ಹೆದರಿಕೊಂಡು ಹಚ್ಚೋದೇ ಇಲ್ಲ, ಕೆರೆದು ಕೆರೆದು ಹುಣ್ಣು ಮಾಡ್ಕೊಂಡು ಬರ್ತಾರೆ. ಕೆಲವರು ಹಿಡಿದ್ರೆ ಬಿಡೋದೇ ಇಲ್ಲ. ಹೇಳಿದಷ್ಟು ಹಚ್ಚಿ ಹೇಳಿದಾಗ ಬಿಡೋರು ಎಲ್ಲಿರ್ತಾರೋ, ನನ್ನ ಹತ್ರ ವಾಪಸ್ ಬರಲ್ಲ.”

ಗಾಯಕ್ಕೆ ಪಟ್ಟಿ ಹಾಕಿದರು. ಇಷ್ಟು ದಿನ ಹಚ್ಚಿದ್ದನ್ನು ತಟ್ಟನೆ ನಿಲ್ಲಿಸಿದರೆ ಉರಿದೇಳುತ್ತದೆ ಎಂದು ಹೇಳಿ, ಅದಕ್ಕಿಂತ ಮೆದುವಾದ ಇನ್ನೊಂದನ್ನು ಬರೆದರು: ಗಾಯ ಮಾಯುವವರೆಗೆ ಅದರ ಮೇಲೆ ಮಾತ್ರ ಬೇಡ, ಉಳಿದ ಕಡೆ ದಿನ ಬಿಟ್ಟು ದಿನ, ಆಮೇಲೆ ವಾರಕ್ಕೆರಡು ಸಲ, ಆಮೇಲೆ ಪೂರ್ತಿ ಬಂದ್, ನಡುವೆ ಬಂದು ತೋರಿಸಬೇಕು. ಚರ್ಮ ಸ್ವಲ್ಪ ಸ್ವಲ್ಪವಾಗಿ ಗಟ್ಟಿಯಾದೀತು, ಗೆರೆಗಳು ಮಾತ್ರ ಹೋಗುವುದಿಲ್ಲ. ಕೊನೆಗೆ ಮೇಜಿನ ಕೆಳಗಿನಿಂದ ಒಂದು ಬಿಳಿ ಡಬ್ಬಿ ತೆಗೆದರು. “ಇದರಲ್ಲಿ ಔಷಧ ಏನೂ ಇಲ್ಲ, ಬರೀ ಜಿಡ್ಡು. ಚರ್ಮ ಒಣಗದ ಹಾಗೆ ದಿನಾ ಹಚ್ಚಬೇಕು.”

“ಎಷ್ಟು ದಿನ?” ಎಂದರು ದೊಡ್ಡ ಮೇಡಂ.

“ಇದಕ್ಕೆ ಲೆಕ್ಕ ಇಲ್ಲ ಅಮ್ಮ. ಇರೋವರೆಗೂ ಹಚ್ಚಬಹುದು.”

ಹಿಂದಿರುಗುವಾಗ ಬಸ್ಸು ಬೇಗ ಬರಲಿಲ್ಲ. ತಂಗುದಾಣದ ಕಲ್ಲುಬೆಂಚಿನ ತುದಿಯಲ್ಲಿ ಅವರು ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತರು. ರಸ್ತೆಯನ್ನೇ ನೋಡುತ್ತ, ಚಿಹ್ನೆಗಳಿಲ್ಲದ ದನಿಯಲ್ಲಿ ಮಾತಾಡಿದರು.

“ತುರಿಕೆ ಹೋಗಿ ತುಂಬ ದಿನ ಆಗಿತ್ತು ಕಣೇ. ಮೊದಲ ತಿಂಗಳಲ್ಲೇ ಹೋಗಿತ್ತು. ನಾನೇ ಬೆಳಿಗ್ಗೆ ಬೆಳಿಗ್ಗೆ ಆ ಮೆಷಿನ್ನಿಗೆ ಹೇಳೋಳು, ತುರಿಕೆ ಇವತ್ತು ಜಾಸ್ತಿ ಇದೆ ಅಂತ. ಡಾಕ್ಟರು ಹೇಳಿದ್ದರಲ್ಲಿ ಕೊನೇ ಸಾಲು ಅವತ್ತು ಓದಲಿಲ್ಲ. ವಾಸಿ ಆದ ತಕ್ಷಣ ನಿಲ್ಲಿಸಬೇಕು ಅನ್ನೋದು. ಉಕ್ತಲೇಖನದಲ್ಲಿ ಸಾಲು ನುಂಗಿದವಳಲ್ಲ ನಾನು.”

“ಯಾಕೆ ಮೇಡಂ?”

“ವಾಸಿ ಆಯ್ತು ಅಂದ್ರೆ ಅವಳು ಯಾಕೆ ಬರ್ತಾಳೆ?”

ಅವರು ಡಬ್ಬಿಯ ಮುಚ್ಚಳವನ್ನು ತಿರುಗಿಸುತ್ತ ಇನ್ನೇನನ್ನೋ ಲೆಕ್ಕ ಹಾಕುತ್ತಿದ್ದರು. ಅದು ಸಿಕ್ಕಿದ ಕ್ಷಣ ಅವರ ಕೈ ನಿಂತಿತು.

“ನನಗಂತೂ ನನ್ನ ಬೆನ್ನು ಕಾಣಲ್ಲ,” ಎಂದರು. “ಅವಳಿಗೆ ಕಾಣ್ತಿತ್ತು, ಅಲ್ವಾ?”

ಕಾಣುತ್ತಿತ್ತು. ದಿನ ಬೆಳಗಾದರೆ ಗುಣವಾದ ಬೆನ್ನನ್ನು ಕಣ್ಣಾರೆ ನೋಡುತ್ತ, ನಿಲ್ಲಿಸಬೇಕೆಂಬ ಸಾಲನ್ನು ತನಗೆ ಯಾರೂ ಓದಿ ಹೇಳಿಲ್ಲವೆಂಬ ನೆಪ ಹಿಡಿದು, ಟ್ಯೂಬು ಮುಗಿದರೆ ಇನ್ನೊಂದು ತಂದು, ತಂಗಿಯೂ ಹಚ್ಚುತ್ತಲೇ ಇದ್ದರು. ಇಲ್ಲದ ತುರಿಕೆಯನ್ನು ಒಬ್ಬರು ಹೇಳಿದರು, ಇಲ್ಲದ ಇಸುಬನ್ನು ಇನ್ನೊಬ್ಬರು ಕಂಡರು. ಇಬ್ಬರ ಹಟಕ್ಕೆ ಆ ಒಂದು ಬೆನ್ನು ಸವೆಯಿತು. ಒಂದು ಮಾತಿನಲ್ಲಿ ಮುಗಿಯಬಹುದಾಗಿದ್ದ ಸಂಗತಿಗೆ ಇಷ್ಟು ಚರ್ಮ ಖರ್ಚಾಯಿತಲ್ಲ ಎಂದು ನನಗೆ ಅವರ ಮೇಲೆ ಸಿಟ್ಟೂ ಬಂತು, ಆದರೆ ಸಿಟ್ಟು ಮಾಡುವಷ್ಟು ಶಕ್ತಿ ಆ ಹೊತ್ತಿಗೆ ನನ್ನಲ್ಲಿ ಉಳಿದಿರಲಿಲ್ಲ.

ಮೆಟ್ಟಿಲು ಹತ್ತಿದಾಗ ಚಿಕ್ಕ ಮೇಡಂ ಒಳಬಾಗಿಲಲ್ಲಿ ನಿಂತಿದ್ದರು. ನಾನು ರೂಢಿಯಂತೆ ಡಾಕ್ಟರು ಹೇಳಿದ್ದನ್ನು ಒಪ್ಪಿಸಲು ಬಾಯಿ ತೆರೆದೆ. ದೊಡ್ಡ ಮೇಡಂ ನನ್ನ ತೋಳು ಹಿಡಿದು ತಡೆದರು. ನೇರವಾಗಿ ತಂಗಿಯ ಮುಖ ನೋಡಿದರು.

“ಆ ಟ್ಯೂಬು ಸಾಕಂತೆ. ಬೇರೆ ಕೊಟ್ಟಿದ್ದಾರೆ, ದಿನ ಬಿಟ್ಟು ದಿನ. ಅದೂ ಆಮೇಲೆ ನಿಲ್ಲಿಸಬೇಕು.” ಡಬ್ಬಿಯನ್ನು ಮುಂದೆ ಚಾಚಿದರು. “ಇದು ಬರೀ ಜಿಡ್ಡು. ದಿನಾ ಹಚ್ಚಬೇಕಂತೆ. ಇರೋವರೆಗೂ ಹಚ್ಚಿದ್ರೂ ಏನೂ ಆಗಲ್ವಂತೆ.”

ಚಿಕ್ಕ ಮೇಡಂ ಡಬ್ಬಿ ತೆಗೆದುಕೊಂಡರು, ಅದರ ಮೇಲಿದ್ದದ್ದನ್ನು ಓದುವವರಂತೆ ತಲೆ ತಗ್ಗಿಸಿದರು.

“ಕೂತ್ಕೋ,” ಎಂದರು. “ಕೈ ತೊಳ್ಕೊಂಡು ಬರ್ತೀನಿ.”

ಅದಾದ ಮೇಲೆ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಡಾಕ್ಟರು ಹೇಳಿದಂತೆಯೇ ಬೆನ್ನು ಉರಿದೆದ್ದಿತು. ಕೆಲವು ವಾರ ಕೆಂಪು, ನವೆ, ನಿದ್ದೆಗೇಡು. ಅದಕ್ಕಾಗಿ ಎರಡು ಸಲ ಡಾಕ್ಟರ ಹತ್ತಿರ ಹೋಗಿ ಬಂದರು. ಹಳೆಯ ಟ್ಯೂಬು ಒಂದು ಸಲ ಸವರಿದರೆ ಸಾಕು, ತಣ್ಣಗಾಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. “ಅದನ್ನ ಕಪಾಟಲ್ಲಿಟ್ಟು ಬೀಗ ಹಾಕಿದ್ದೆ. ಅವಳಿಗೆ ಹೆದರಿ ಅಲ್ಲ, ನನಗೇ ಹೆದರಿ. ಅವಳು ಒದ್ದಾಡೋದು ನೋಡೋಕಾಗಲ್ಲ. ನಿನ್ನೆ ಎಸೆದುಬಿಟ್ಟೆ” ಎಂದರು ಚಿಕ್ಕ ಮೇಡಂ. ಮಾತೂ ಹೆಚ್ಚೇನೂ ಬೆಳೆಯಲಿಲ್ಲ. ಕೂತ್ಕೋ, ತಿರುಗು, ಸಾಕು: ಇಷ್ಟೇ. ಆದರೂ ಟೈಪ್‌ರೈಟರಿಗೂ ಒಲೆಗೂ ಈಗ ಬಿಡುವು ಸಿಕ್ಕಿದೆ, ನನಗೂ.

ದೊಡ್ಡ ಮೇಡಂ ಅಂಥವರು ಲೋಕದಲ್ಲಿ ಅಪರೂಪವೇನಲ್ಲ. ಬೇಕು ಎಂಬ ಒಂದು ಶಬ್ದವನ್ನು ಬಾಯಿಂದ ಆಡಲಾರದೆ ಅದನ್ನು ಮೈಗೆ ಒಪ್ಪಿಸಿ ಸುಮ್ಮನಾಗುವವರು ಇವರು. ಮಂಡಿನೋವಿನ, ಕೆಮ್ಮಿನ, ಇಸುಬಿನ ಮರೆಯಲ್ಲಿ ನಿಂತು ತಮ್ಮವರನ್ನು ಕರೆಯುತ್ತಾರೆ. ನಾವು ಔಷಧ ತಂದುಕೊಡುತ್ತೇವೆ, ಔಷಧ ತನ್ನ ಕೆಲಸ ಮಾಡುತ್ತದೆ, ಅವರ ಭಯ ಶುರುವಾಗುವುದು ಅಲ್ಲಿಂದಲೇ. ಗುಣವಾದ ಮೇಲೂ ಪಕ್ಕಕ್ಕೆ ಬಂದು ಕೂರುವವರು ಒಬ್ಬರಿದ್ದಾರೆ ಎಂದು ಗೊತ್ತಾಗುವವರೆಗೆ ಇವರು ಗುಣವಾಗಲು ಒಪ್ಪುವುದಿಲ್ಲ.